ಏರಿನಲ್ಲಿ ಎರಡು ಸೆಕೆಂಡು

ಜೂನ್ 3, ಸೋಮವಾರ

ಅಳಿಯ ನಿಕೊ ಇವತ್ತು ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ. ಬಿಳಿಯದು, ಪುಟ್ಟದು, ಜಪಾನಿನಲ್ಲಿ ಯಾರೋ ಓಡಿಸಿ ಸಾಕಾಗಿ ಬಿಟ್ಟದ್ದು. ಪೆಡಲ್ ಎರಡೇ. ಆದರೆ ಇದು ಪೂರ್ತಿ ಆಟೊಮ್ಯಾಟಿಕ್ ಅಲ್ಲವಂತೆ. ಒಳಗೆ ಮಾಮೂಲಿ ಗೇರೇ ಇದೆಯಂತೆ, ಕ್ಲಚ್ ಕೂಡ ಇದೆಯಂತೆ, ಅದನ್ನು ಒತ್ತುವುದು ಮಾತ್ರ ಒಂದು ಯಂತ್ರವಂತೆ. ಅಂದರೆ ನನ್ನ ಎಡಗಾಲಿನ ಕೆಲಸವನ್ನು ಕಣ್ಣಿಗೆ ಕಾಣದ ಯಾರೋ ಮಾಡುತ್ತಾರೆ. ಕಣ್ಣಿಗೆ ಕಾಣದವರನ್ನು ನಾನು ಯಾವತ್ತೂ ನಂಬಿದವನಲ್ಲ.

ಕೀಲಿ ತಿರುಗಿಸಿದರೆ ಒಂದು ಹೆಣ್ಣಿನ ದನಿ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತದೆ. ಏನದು ಎಂದು ನಿಕೊನನ್ನು ಕೇಳಿದೆ.

"ಅಲ್ಲಿನ ಟೋಲ್ ರಸ್ತೆ ಕಾರ್ಡ್ ಹಾಕಿಲ್ಲ ಅಂತ ಹೇಳ್ತಾಳೆ ಮಾವ. ನ್ಯೂಜಿಲೆಂಡಲ್ಲಿ ಅರ್ಧ ಕಾರುಗಳು ಇದನ್ನೇ ಹೇಳೋದು. ತಲೆ ಕೆಡಿಸ್ಕೋಬೇಡಿ."

ಸಮೋವಾ ದ್ವೀಪದಿಂದ ಬಂದವನಿಗೆ ಜಪಾನಿ ಭಾಷೆ ಎಲ್ಲಿಂದ ಬಂತು? ಕೇಳಲಿಲ್ಲ. ಮನಸ್ಸಿನಲ್ಲಿಟ್ಟುಕೊಂಡೆ.

ನನ್ನ ಹಳೆಯ ಸ್ಟೇಷನ್ ವ್ಯಾಗನ್ನನ್ನು ಅವನೇ ತೆಗೆದುಕೊಂಡು ಹೋದ. ಕಳೆದ ತಿಂಗಳು ಏರಿನಲ್ಲಿ ಒಂದೇ ಒಂದು ಸಲ ನನ್ನ ಎಡ ಮಂಡಿ ಕೈಕೊಟ್ಟಿತು, ಗಾಡಿ ಹಿಂದಕ್ಕೆ ಜಾರಿ ಕೆಳಮನೆಯವರ ಅಂಚೆ ಡಬ್ಬಿ ಮುರಿಯಿತು. ಆದದ್ದು ಅಷ್ಟೇ. ಅಷ್ಟಕ್ಕೇ ಕ್ಲಚ್ ಇರುವ ಗಾಡಿ ಇನ್ನು ಬೇಡವೆಂದು ಮನೆಯವರೆಲ್ಲ ತೀರ್ಮಾನ ಮಾಡಿದರು. ಡಾಕ್ಟರ್ ಬೇರೆ, "ಎಪ್ಪತ್ತೈದು ತುಂಬ್ತಾ ಇದೆಯಲ್ಲ ಡೂಗಲ್, ಲೈಸೆನ್ಸ್ ಮುಂದುವರಿಸೋಕೆ ಮುಂಚೆ ರಸ್ತೆ ಮೇಲೆ ಒಂದು ಪರೀಕ್ಷೆ ಕೊಟ್ಬಿಡಿ" ಎಂದರು. ಅಂಚೆ ಡಬ್ಬಿಯ ವಿಷಯ ಡಾಕ್ಟರಿಗೆ ಹೇಳಿದವರು ಯಾರು? ನಾನಂತೂ ಅಲ್ಲ.

ಫೇಲಾದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನನ್ನ ಹೆಂಡತಿ ಎಫೀಯ ಅಕ್ಕ ಊನಾ ಕಣಿವೆಯಾಚೆಯ ಗುಡ್ಡದ ಮೇಲೆ ವೃದ್ಧರ ಆರೈಕೆ ಕೇಂದ್ರದಲ್ಲಿದ್ದಾಳೆ. ಎಫೀ ಮನೆಯಿಂದ ಸೂಪು ಒಯ್ದು ತಿನ್ನಿಸಿದರೆ ಮಾತ್ರ ಬಾಯಿ ತೆರೆಯುತ್ತಾಳೆ, ನರ್ಸುಗಳು ಚಮಚ ಹಿಡಿದರೆ ಮುಖ ತಿರುಗಿಸುತ್ತಾಳೆ. ಹಾಗಾಗಿ ದಿನಾ ಮಧ್ಯಾಹ್ನ ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ನಮ್ಮ ಏರಿಗೆ ಬಸ್ಸು ಬರುವುದಿಲ್ಲ, ಎಫೀಯ ಸೊಂಟಕ್ಕೆ ಈ ಏರು ಹತ್ತಲಾಗುವುದಿಲ್ಲ. ನಾನು ಓಡಿಸದಿದ್ದರೆ ಮನೆ ಮಾರಿ ಕೆಳಗಿನ ಸಮತಟ್ಟಿಗೆ ಇಳಿಯಬೇಕು. ಮಗಳು ರೋನಾ ಅಲ್ಲಿ ಆಗಲೇ ಒಂದು ಮನೆ ನೋಡಿಟ್ಟಿದ್ದಾಳೆಂದು ನನಗೆ ಅನುಮಾನ. ಗಂಡ ಹೆಂಡತಿ ಸೇರಿ ನನಗೆ ಈ ಕಾರನ್ನೇ ಏಕೆ ಆರಿಸಿದರು ಎಂಬುದನ್ನೂ ಯೋಚಿಸಬೇಕು.

ಜೂನ್ 5, ಬುಧವಾರ

ಇಂದು ಮೊದಲ ಸಲ ಏರಿನ ನಡುವೆ ನಿಲ್ಲಿಸಬೇಕಾಗಿ ಬಂತು. ಅರ್ಧದಲ್ಲಿ ಎದುರಿನಿಂದ ಕಸದ ಲಾರಿ ಬಂತು. ನಿಂತೆ. ಹೊರಟಾಗ ಕಾರು ಹಿಂದಕ್ಕೆ ಜಾರಿತು!

ನಾನು, ಡೂಗಲ್ ಮೆಕ್‌ರೇ, ಹಿಂದಕ್ಕೆ ಜಾರಿದೆ. ಮೂವತ್ತು ವರ್ಷ ಡನೀಡಿನ್ನಿನ ಈ ಗುಡ್ಡಗಳಲ್ಲಿ ಬ್ರೆಡ್ ವ್ಯಾನ್ ಓಡಿಸಿದವನು. ಹಿಂದೆ ಬಿಸಿ ಬ್ರೆಡ್ಡಿನ ಕ್ರೇಟುಗಳು ಆಳೆತ್ತರ ಪೇರಿಸಿರುತ್ತಿದ್ದವು, ಒಂದು ಬನ್ನು ಉರುಳಿದರೂ ನನ್ನ ಮಾನ ಹೋದ ಹಾಗೆ. ಈ ಊರಿನಲ್ಲಿ ಓಡಿಸುವುದನ್ನು ಕಲಿಸುವಾಗ ಮೊದಲು ಕಲಿಸುವುದೇ ಹ್ಯಾಂಡ್‌ಬ್ರೇಕ್. ನಿಂತ ತಕ್ಷಣ ಅದನ್ನು ಎಳೆ, ಕಾಲನ್ನು ಬ್ರೇಕಿನಿಂದ ತೆಗೆದು ಎಂಜಿನ್ನಿಗೆ ಉಸಿರು ಕೊಡು, ಅದರ ದನಿ ತಗ್ಗಿ ಮೂಗು ಎತ್ತಿದಾಗ ಕೈ ಸಡಿಲಿಸು. ಇವತ್ತೂ ಹಾಗೇ ಮಾಡಿದೆ. ದನಿ ತಗ್ಗಿತು, ಕೈ ಬಿಟ್ಟೆ, ಕಾರು ಇನ್ನೂ ಯೋಚನೆ ಮಾಡುತ್ತಿತ್ತು. ಅದರ ಯೋಚನೆ ಮುಗಿಯುವಷ್ಟರಲ್ಲಿ ಒಂದು ಮಾರು ಹಿಂದೆ ಹೋಗಿದ್ದೆವು.

ಪಕ್ಕದಲ್ಲಿದ್ದ ಎಫೀ, "ಆ ಕೋಲು ಎಳೀಬೇಡ ಡೂಗಲ್, ಕಾಲಲ್ಲೇ ಬ್ರೇಕ್ ಹಿಡ್ಕೋ" ಎಂದಳು. ಜೀವನದಲ್ಲಿ ಸ್ಟೀರಿಂಗ್ ಮುಟ್ಟದವಳು. "ನೀನು ಊನಾಳ ಸೂಪಿನ ಕಡೆ ನೋಡ್ಕೋ" ಎಂದೆ.

ಸಂಜೆ ನಿಕೊಗೆ ಫೋನ್ ಮಾಡಿ ಕರೆಸಿದೆ. ಬಂದ, ಒಬ್ಬನೇ ಕೂತು ಅದೇ ಏರಿನಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿದ, ಹೊರಟ. ಒಂದು ಇಂಚು ಜಾರಲಿಲ್ಲ. ಇಳಿದು ಹಲ್ಲು ಕಿರಿದ.

"ನೋಡಿ ಮಾವ, ನಾನು ಏನೂ ಮಾಡ್ಲಿಲ್ಲ. ಎಲ್ಲಾ ಅದೇ ಮಾಡ್ತು."

ಅವನು ಏನೋ ಮಾಡಿದ್ದಾನೆ.

ಜೂನ್ 9, ಭಾನುವಾರ

ನಿಕೊ, ರೋನಾ ಊಟಕ್ಕೆ ಬಂದಿದ್ದರು. ಅವನ ತಾಯಿ ಒಂದು ಟ್ರೇ ತುಂಬ ಪಾನಿ ಪೊಪೊ ಕಳಿಸಿದ್ದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಸಿಹಿ ಬನ್ನು. ಬ್ರೆಡ್ಡಿನವನಿಗೆ ಬನ್ನು ಕಳಿಸುವುದು ಬೆಣ್ಣೆ ಹಚ್ಚುವ ಕೆಲಸ. ನಾನು ಮುಟ್ಟಲಿಲ್ಲ.

ಊಟವಾದ ಮೇಲೆ ನಿಕೊ ಕಾರಿನ ವಿದ್ಯೆ ವಿವರಿಸಿದ. ಅವನು ಕೆಲಸ ಮಾಡುವುದು ಅಪಘಾತವಾದ ಕಾರುಗಳ ತಗಡು ತಟ್ಟುವ ಗ್ಯಾರೇಜಿನಲ್ಲಿ. ಕಾರಿಗೆ ತಾನು ಏರಿನಲ್ಲಿದ್ದೇನೆ ಎಂದು ತಿಳಿಯುತ್ತದಂತೆ. ಕಾಲನ್ನು ಬ್ರೇಕಿನಿಂದ ತೆಗೆದ ಮೇಲೂ ಅದು ತಾನೇ ಚಕ್ರ ಹಿಡಿದುಕೊಂಡಿರುತ್ತದಂತೆ. ಅಷ್ಟರೊಳಗೆ ನಾವು ಆಕ್ಸಿಲರೇಟರ್ ಒತ್ತಬೇಕಂತೆ.

"ಎಷ್ಟು ಹೊತ್ತು ಹಿಡ್ಕೊಂಡಿರುತ್ತೆ?"

"ಎರಡು ಸೆಕೆಂಡು."

"ಆಮೇಲೆ?"

"ಆಮೇಲೆ ಬಿಟ್ಬಿಡುತ್ತೆ ಮಾವ."

"ಬಿಟ್ಬಿಡ್ತೀನಿ ಅಂತ ಮೊದಲೇ ಹೇಳೋ ಸಹಾಯ ಎಂಥ ಸಹಾಯನಯ್ಯಾ!"

ರೋನಾ ನಕ್ಕಳು. ಎಫೀ ನಗಲಿಲ್ಲ, ಕಿವಿಗೊಟ್ಟು ಕೇಳುತ್ತಿದ್ದಳು. ಅವಳಿಗೆ ಇದರಲ್ಲೇನು ಆಸಕ್ತಿ ಎಂದು ಅರ್ಥವಾಗಲಿಲ್ಲ.

"ನಾನು ಪಕ್ಕದಲ್ಲಿ ಕೂತ್ಕೋತೀನಿ, ಒಂದ್ಸಲ ಓಡಿಸಿ ತೋರಿಸಿ" ಎಂದು ನಿಕೊ ಬಹಳ ಕೇಳಿಕೊಂಡ. ಬೇಡವೆಂದೆ. ನಾನು ಜಾರುವುದನ್ನು ಕಣ್ಣಾರೆ ನೋಡಿ ಹೋಗಿ ಡಾಕ್ಟರಿಗೆ ಹೇಳುವುದಕ್ಕೋ?

ಜೂನ್ 14, ಶುಕ್ರವಾರ

ಕಾರಿನಲ್ಲಿ ಕೂತರೆ ಮಂಡಿ ಸ್ಟೀರಿಂಗಿಗೆ ಬಡಿಯಿತು. ಸೀಟು ಮುಂದಕ್ಕೆ ಬಂದಿದೆ! ಮೊನ್ನೆ ಬುಧವಾರ ನಾನು ಓಡಿಸಿದಾಗ ಸರಿಯಾಗಿತ್ತು. ನಿನ್ನೆ ಗುರುವಾರ, ಮಧ್ಯಾಹ್ನವೆಲ್ಲ ನಾನು ಕ್ಲಬ್ಬಿನಲ್ಲಿ ಬೌಲ್ಸ್ ಚೆಂಡು ಉರುಳಿಸುತ್ತಿದ್ದೆ. ಗುರುವಾರ ನನ್ನನ್ನು ಗೆಳೆಯನೊಬ್ಬ ಅವನ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನೆ. ಅವತ್ತು ಎಫೀಯನ್ನು ಊನಾಳ ಬಳಿಗೆ ಕರೆದೊಯ್ಯುವವನು ನಿಕೊ, ಅವನಿಗೆ ಅಂದು ರಜೆ. ಆದರೆ ನಿಕೊ ಆನೆಯಂಥ ಆಳು. ಅವನು ಕೂತಿದ್ದರೆ ಸೀಟು ಹಿಂದಕ್ಕೆ ಹೋಗಿರಬೇಕಿತ್ತು.

ಅಂದರೆ ಯಾರೋ ಕುಳ್ಳನೊಬ್ಬ ನನ್ನ ಕಾರು ಓಡಿಸುತ್ತಿದ್ದಾನೆ.

ಎಫೀಯನ್ನು ಕೇಳಿದೆ. "ನನಗೇನು ಗೊತ್ತು, ನಾನು ಸೂಪಿನ ಕಡೆ ನೋಡ್ಕೋತಾ ಇದ್ದೆ" ಎಂದು ಪಾತ್ರೆ ತೊಳೆಯಲು ಹೋದಳು.

ಜೂನ್ 18, ಮಂಗಳವಾರ

ನಡುಚಳಿಗಾಲ, ರಸ್ತೆಯೆಲ್ಲ ಗಾಜಿನಂತೆ ಹೆಪ್ಪುಗಟ್ಟಿದೆ. ಎಲ್ಲೂ ಹೋಗಲಿಲ್ಲ. ಊನಾ ಇಡೀ ದಿನ ಏನೂ ತಿನ್ನಲಿಲ್ಲವೆಂದು ಅಲ್ಲಿಂದ ಫೋನ್ ಬಂತು. ಎಫೀ ಕಿಟಕಿಯಲ್ಲಿ ನಿಂತು ಆಚೆ ಗುಡ್ಡ ನೋಡುತ್ತಿದ್ದಳು, ಕೋಟು ತೆಗೆಯಲೇ ಇಲ್ಲ.

ಜೂನ್ 21, ಶುಕ್ರವಾರ

ಮತ್ತೆ ಗುರುವಾರ ಕಳೆದಿದೆ, ಮತ್ತೆ ಸೀಟು ಮುಂದಿದೆ. ಕನ್ನಡಿ ಕೆಳಕ್ಕೆ ಬಾಗಿದೆ. ಮುಂದಿನ ಗಾಜಿನ ಮೂಲೆಯಲ್ಲಿ ಅಂಟಂಟಾದ ಚೌಕ ಗುರುತು. ಉಗುರಿನಿಂದ ಕೆರೆದು ಮೂಸಿ ನೋಡಿದೆ, ಗೋಂದು. ಡಿಕ್ಕಿಯ ಕಾರ್ಪೆಟ್ ಎತ್ತಿದೆ. ಸಿಕ್ಕಿತು. ಕರಿಯ ಅಕ್ಷರದಲ್ಲಿ 'ಎಲ್' ಬರೆದ ಹಳದಿ ಹಲಗೆಗಳು, ಒಂದಲ್ಲ, ಎರಡು.

ಈಗ ಎಲ್ಲ ಅರ್ಥವಾಯಿತು. ಅಳಿಯ ಮಹಾಶಯ ನನ್ನ ಕಾರಿನಲ್ಲಿ ತನ್ನ ಕಡೆಯ ಯಾರಿಗೋ ಓಡಿಸುವುದನ್ನು ಕಲಿಸುತ್ತಿದ್ದಾನೆ. ಕಲಿಯುವವರ ಕೈಯಲ್ಲಿ ಸಿಕ್ಕಿ ಆ ಕಾಣದ ಕ್ಲಚ್ ಸವೆದುಹೋಗಿದೆ. ಅದಕ್ಕೇ ನಾನು ಜಾರುತ್ತಿದ್ದೇನೆ. ಮತ್ತೆ ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ಎಲ್ಲ ನೋಡಿಕೊಂಡು ನನ್ನ ಕಿವಿಯ ಮೇಲೆ ಹೂವಿಡುತ್ತಿದ್ದಾಳೆ.

ಹಲಗೆಗಳನ್ನು ಇದ್ದ ಹಾಗೆಯೇ ಇಟ್ಟೆ. ಮುಂದಿನ ಗುರುವಾರ ಬರಲಿ.

ಜೂನ್ 27, ಗುರುವಾರ

ತಲೆನೋವೆಂದು ಹೇಳಿ ಕ್ಲಬ್ಬಿನಿಂದ ಬೇಗ ಹೊರಟೆ. ಏರಿನ ನಡುವೆ ಮುಳ್ಳೆಲೆಯ ಹಾಲಿ ಗಿಡದ ಬೇಲಿಯ ಹಿಂದೆ ನಿಂತೆ. ದಕ್ಷಿಣದ ಗಾಳಿ ಮೂಳೆ ಕೊರೆಯುತ್ತಿತ್ತು. ಬೇಲಿ ಮನೆಯ ಹೆಂಗಸು ಎರಡು ಸಲ ಕಿಟಕಿ ಪರದೆ ಸರಿಸಿ ನೋಡಿದಳು. ನೋಡಲಿ.

ಕೆಳಗಿನಿಂದ ನನ್ನ ಕಾರು ಬಂತು, ಗಾಜಿನ ಮೇಲೆ ಹಳದಿ ಹಲಗೆ. ಎಡಗಡೆಯ ಸೀಟು ತುಂಬ ನಿಕೊ. ಎದುರಿನಿಂದ ಸೌದೆ ಲಾರಿ ಇಳಿಯುತ್ತಿತ್ತು. ಕಾರು ನಿಂತಿತು, ಏರಿನ ಅತಿ ಕಡಿದಾದ ಜಾಗದಲ್ಲಿ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಓಡಿಸುತ್ತಿದ್ದವರ ತಲೆಯ ಮೇಲೆ ನೀಲಿ ಉಣ್ಣೆಯ ಟೋಪಿ ಇತ್ತು. ಕ್ರಿಸ್ಮಸ್ಸಿಗೆ ರೋನಾ ಹೆಣೆದುಕೊಟ್ಟ ಟೋಪಿ.

ಎಫೀ.

ಲಾರಿ ಹೋಯಿತು. ಅವಳು ಹೊರಟಳು. ಒಂದು ಎಳೆಯಷ್ಟೂ ಜಾರಲಿಲ್ಲ.

ಜೂನ್ 29, ಶನಿವಾರ

ಎರಡು ದಿನದಿಂದ ನಾನು ಮಾತಾಡಿಲ್ಲ. ಅವಳು ಏಕೆ ಎಂದು ಕೇಳಿಲ್ಲ. ನಾನು ಬೇಲಿಯ ಹಿಂದೆ ನಿಂತದ್ದು ಇಡೀ ಬೀದಿಗೆ ಗೊತ್ತಾಗಿದೆಯಂತೆ. ಬೇಲಿ ಮನೆಯವಳ ಕೆಲಸ.

ಜೂನ್ 30, ಭಾನುವಾರ

ಜಗಳವಾಯಿತು. ಸೂಪಿನ ಬಟ್ಟಲು ಮೇಜಿನ ಮೇಲಿಟ್ಟು ಅವಳೇ ಶುರು ಮಾಡಿದಳು.

"ಬೇಲಿ ಹಿಂದೆ ನಿಂತು ಕದ್ದು ನೋಡಿದ್ದಾಯ್ತಲ್ಲ, ಈಗ ಕೇಳಬೇಕಾದ್ದು ಕೇಳು."

"ಕದ್ದು ಕಲಿತವಳು ನೀನು, ನಾನು ಕದ್ದು ನೋಡಿದ್ದು ತಪ್ಪಾ?"

"ಹೇಳಿದ್ರೆ ಬಿಡ್ತಿದ್ಯಾ?"

"ಎಪ್ಪತ್ತೊಂದು ವರ್ಷಕ್ಕೆ ಯಾರಾದ್ರೂ ಡ್ರೈವಿಂಗ್ ಕಲೀತಾರೇನೆ?"

"ಎಪ್ಪತ್ತೊಂದಕ್ಕೆ ಅಕ್ಕ ಹಸ್ಕೊಂಡು ಕೂತಿದ್ರೆ ಕಲೀತಾರೆ. ನಿನ್ನ ಪರೀಕ್ಷೆ ಏನಾಗುತ್ತೋ ಅಂತ ಕಾಯ್ತಾ ಕೂರೋಕೆ ಊನಾಗೆ ಟೈಮಿಲ್ಲ ಡೂಗಲ್."

ನಾನು ಫೇಲಾಗುತ್ತೇನೆಂದು ಅವಳು ಮೊದಲೇ ತೀರ್ಮಾನಿಸಿದ್ದಾಳೆ. ಅದನ್ನೇ ಹೇಳಿದೆ. ಇಲ್ಲ ಎನ್ನಲಿಲ್ಲ. ಡಾಕ್ಟರಿಗೆ ಅಂಚೆ ಡಬ್ಬಿಯ ಸುದ್ದಿ ಹೇಳಿದ್ದು ನೀನೇನಾ ಎಂದು ಕೇಳಿದೆ.

"ನಾನೇ" ಎಂದಳು. "ಅವತ್ತು ಆ ಡಬ್ಬಿ ಪಕ್ಕದಲ್ಲಿ ಒಂದು ಮಗು ಸೈಕಲ್ ಹಿಡ್ಕೊಂಡು ನಿಂತಿತ್ತು. ನೀನು ನೋಡ್ಲಿಲ್ಲ. ನಾನು ನೋಡ್ದೆ."

ಮಗುವಿನ ವಿಷಯ ನಿಜವೋ ಸುಳ್ಳೋ ಎಂದು ಯೋಚಿಸಿದೆ. ಎಫೀ ನನ್ನ ಬಳಿ ಈವರೆಗೆ ಸುಳ್ಳು ಹೇಳಿದವಳಲ್ಲ. ಈ ಕಾರು ಬಂದ ಮೇಲಿನದನ್ನು ಬಿಟ್ಟು.

ಮಲಗುವ ಮುಂಚೆ ಅವಳೇ ಮತ್ತೆ ಹೇಳಿದಳು: "ಕಾರು ಕೆಟ್ಟಿಲ್ಲ. ನೀನು ಕೈಯಲ್ಲಿ ಎಳೆದು ನಿಲ್ಲಿಸ್ತೀಯ, ಕಾಲು ತೆಗೆದುಬಿಡ್ತೀಯ. ಕೈ ಬ್ರೇಕ್ ಇದ್ರೆ ಅದು ತನಗೆ ಕೆಲಸ ಇಲ್ಲ ಅಂದ್ಕೊಳ್ಳುತ್ತೆ. ಕಾಲಲ್ಲಿ ಗಟ್ಟಿಯಾಗಿ ಒತ್ತಿ ನಿಲ್ಲು, ಆಗ ಹಿಡ್ಕೊಳ್ಳುತ್ತೆ. ನನಗೆ ಆ ಕೋಲಿನ ಅಭ್ಯಾಸ ಇರ್ಲಿಲ್ಲ, ಅದಕ್ಕೆ ಜಾರ್ಲಿಲ್ಲ. ಅಷ್ಟೇ."

ಅಂದರೆ ಮೂವತ್ತು ವರ್ಷ ಸರಿಯಾಗಿ ಮಾಡಿದ್ದಕ್ಕೇ ಈ ಕಾರು ನನ್ನನ್ನು ಜಾರಿಸುತ್ತಿದೆ. ಇದನ್ನು ನಂಬುವುದು ಹೇಗೆ?

ಜುಲೈ 4, ಗುರುವಾರ

ಕ್ಲಬ್ಬಿಗೆ ಹೋಗಲಿಲ್ಲ. ಎಲ್ಲರೂ ಊನಾಳ ಬಳಿ ಹೋಗಿಬಂದ ಮೇಲೆ ಒಬ್ಬನೇ ಕಾರು ತೆಗೆದೆ. ಏರಿನ ಅರ್ಧದಲ್ಲಿ ನಿಲ್ಲಿಸಿ, ಕಾಲಿನಲ್ಲಿ ಗಟ್ಟಿಯಾಗಿ ಒತ್ತಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ತೆಗೆದೆ.

ಹಿಡಿಯಿತು.

ಎಂಥ ವಿಚಿತ್ರವೆಂದರೆ, ಆ ಹೊತ್ತಿನಲ್ಲಿ ಕಾರನ್ನು ನಾನು ಹಿಡಿದಿಲ್ಲ. ಕೈಯೂ ಇಲ್ಲ, ಕಾಲೂ ಇಲ್ಲ. ಕೆಳಗೆ ಇಡೀ ಊರು, ಬಂದರು, ಎಲ್ಲ ಕನ್ನಡಿಯಲ್ಲಿ ಕಾಣುತ್ತಿದೆ, ಮತ್ತೆ ನನ್ನನ್ನು ಯಾರೋ ಹಿಂದಿನಿಂದ ಹಿಡಿದುಕೊಂಡಿದ್ದಾರೆ. ನನಗೆ ಹೆದರಿಕೆಯಾಯಿತು, ಬರೆದುಬಿಡುತ್ತೇನೆ, ಇಲ್ಲಿ ಯಾರು ಓದುತ್ತಾರೆ. ಕೈ ತಾನಾಗಿಯೇ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಿತು.

ಇನ್ನೂ ನಾಲ್ಕು ಸಲ ಮಾಡಿದೆ. ಎರಡು ಸಲ ಕೈ ಸುಮ್ಮನಿತ್ತು, ಎರಡು ಸಲ ಇರಲಿಲ್ಲ.

ಜುಲೈ 10, ಬುಧವಾರ

ಎಫೀ ಎಲ್ ಹಲಗೆ ಅಂಟಿಸಿಕೊಂಡು ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಪೂರ್ತಿ ಲೈಸೆನ್ಸ್ ಇರುವವರು ಕಲಿಯುವವರ ಪಕ್ಕ ಇರಬೇಕೆಂಬುದು ಕಾನೂನು, ಅದಕ್ಕೆ. ಇಲ್ಲದಿದ್ದರೆ ಕೂರುತ್ತಿರಲಿಲ್ಲ. ತಿರುವಿನಲ್ಲಿ ಸಿಗ್ನಲ್ ಹಾಕುವುದು ತಡ ಮಾಡುತ್ತಾಳೆ. ಫುಟ್‌ಪಾತಿನ ಅಂಚಿಗೆ ಬಹಳ ಹತ್ತಿರ ಹೋಗುತ್ತಾಳೆ. ಹೇಳಿದೆ. "ಹೂಂ ಹೂಂ" ಎಂದಳು. ಏರಿನಲ್ಲಿ ಹೇಳುವುದಕ್ಕೆ ಏನೂ ಸಿಗಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಸರದಿ. ಅವಳು ಪಕ್ಕದಲ್ಲಿ ಕೂತು, "ಎಡಗೈನ ತೊಡೆ ಕೆಳಗೆ ಹಾಕ್ಕೊಂಡು ಕೂತ್ಕೋ" ಎಂದಳು. ಶಾಲೆಯ ಹುಡುಗನ ಹಾಗೆ ಕೂತೆ. ಜಾರಲಿಲ್ಲ. ಆದರೆ ಗಾಡಿ ಹೊರಟ ಮೇಲೆ ಕೈ ಬೇಕಲ್ಲ, ಕೈ ತೆಗೆದ ಮರುಕ್ಷಣ ಅದು ಆ ಕಡೆಗೇ ಹೋಗುತ್ತದೆ. ಅವಳು ಅದರ ಮೇಲೆ ಒಂದು ಏಟು ಹಾಕಿದಳು.

ನಿಕೊನ ತಾಯಿ ಮೊನ್ನೆ ಮತ್ತೆ ಕಳಿಸಿದ ಟ್ರೇಯಲ್ಲಿ ಉಳಿದ ಪಾನಿ ಪೊಪೊ ತಿಂದೆ. ಸುಮ್ಮನೆ ಹಾಳಾಗುತ್ತದಲ್ಲ ಎಂದು. ತಳ ಚೆನ್ನಾಗಿ ನೆನೆದಿದೆ, ಮೇಲೆ ಸರಿಯಾದ ಕಂದು ಬಣ್ಣ. ಆ ಹೆಂಗಸಿಗೆ ಒಲೆಯ ಕಾವು ಗೊತ್ತು.

ಜುಲೈ 16, ಮಂಗಳವಾರ

ಫೇಲು.

ಜುಲೈ 17, ಬುಧವಾರ

ನಿನ್ನೆ ಬರೆಯಲಾಗಲಿಲ್ಲ. ಬರೆಯುತ್ತೇನೆ.

ಪರೀಕ್ಷಕಿ ಮೃದು ಮಾತಿನ ಹೆಂಗಸು, ರೋನಾಳ ವಯಸ್ಸು. ಅಷ್ಟು ಮೃದುವಾಗಿ ಮಾತಾಡುವವರ ಮೇಲೆ ನನಗೆ ಮೊದಲೇ ಅನುಮಾನ. ಆದರೆ ಎಲ್ಲ ಸರಿಯಾಗಿಯೇ ನಡೆಯಿತು. ಮೊದಲನೆಯ ಏರಿನಲ್ಲಿ ನಿಲ್ಲಿಸಲು ಹೇಳಿದಳು, ಕಾಲು ಒತ್ತಿ ನಿಂತೆ, ಹೊರಟೆ, ಕಾರು ಹಿಡಿದುಕೊಂಡಿತು. "ಚೆನ್ನಾಗಾಯ್ತು" ಎಂದಳು. ಇಡೀ ಊರಿಗೇ ಬ್ರೆಡ್ ಹಂಚಿ ಬಂದಷ್ಟು ಖುಷಿಯಾಯಿತು.

ಎರಡನೆಯದು ಶಾಲೆಯ ಪಕ್ಕದ ಕಡಿದಾದ ಏರು. ಮಕ್ಕಳು ರಸ್ತೆ ದಾಟುತ್ತಿದ್ದರು. ನಿಂತೆ. ಹಿಂದೆ ಒಂದು ಕೆಂಪು ಕಾರು ಬಂದು ನನ್ನ ಬೆನ್ನಿಗೇ ಅಂಟಿಕೊಂಡಿತು, ಕನ್ನಡಿಯಲ್ಲಿ ಓಡಿಸುವವನ ಹಲ್ಲು ಕಾಣುವಷ್ಟು ಹತ್ತಿರ. ಮಕ್ಕಳು ದಾಟಿದರು. ಕಾಲು ತೆಗೆದೆ. ಕಾರು ಹಿಡಿದುಕೊಂಡಿತ್ತು. ಹಿಡಿದೇ ಇತ್ತು. ಆದರೆ ನನ್ನ ಕಣ್ಣು ಆ ಕೆಂಪು ಕಾರಿನ ಮೇಲೆ, ಮನಸ್ಸಿನಲ್ಲಿ ಸೈಕಲ್ ಹಿಡಿದು ನಿಂತ ಒಂದು ಮಗು, ನಾನು ನೋಡದೇ ಇದ್ದ ಮಗು. ಕೈ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಿತು. ಆಮೇಲೆ ಎಂಜಿನ್ನಿನ ದನಿ ಕೇಳಿ ಹಳೆಯ ಹಾಗೆ ಕೈ ಬಿಟ್ಟೆ. ಕಾರು ಹಿಂದಕ್ಕೆ ಹೋಗಿ ಕೆಂಪು ಕಾರಿನ ಮೂಗಿಗೆ ತಾಗಿತು. ಸಣ್ಣ ಸದ್ದು. ಅಷ್ಟೇ ಸಾಕಾಯಿತು.

ಕಾರು ಬಿಟ್ಟಿದ್ದರೆ ಅದನ್ನು ಬೈಯಬಹುದಿತ್ತು. ನಿಕೊನನ್ನು ಬೈಯಬಹುದಿತ್ತು, ಆ ಜಪಾನಿ ಹೆಂಗಸನ್ನೂ ಬೈಯಬಹುದಿತ್ತು. ಕಾರು ಬಿಡಲಿಲ್ಲ. ನಾನೇ ಬಿಡಿಸಿದೆ. ನಿನ್ನೆಯಿಂದ ಯಾರ ಮೇಲೆ ಹಾಕಲಿ ಎಂದು ಹುಡುಕುತ್ತಿದ್ದೇನೆ, ಯಾರೂ ಸಿಗುತ್ತಿಲ್ಲ. ಬಹಳ ನಾಚಿಕೆಯಾಗಿದೆ.

ಇನ್ನೊಂದು ಸಲ ಪರೀಕ್ಷೆಗೆ ಹೆಸರು ಕೊಡಬಹುದೆಂದು ಪರೀಕ್ಷಕಿ ಹೇಳಿದಳು. ಯೋಚಿಸುತ್ತೇನೆ ಎಂದೆ.

ಜುಲೈ 19, ಶುಕ್ರವಾರ

ಎಪ್ಪತ್ತೈದು ತುಂಬಿತು. ಲೈಸೆನ್ಸ್ ಮುಗಿಯಿತು. ಎಫೀ ಚೀಸ್ ರೋಲ್ ಮಾಡಿದ್ದಳು. ಪರೀಕ್ಷೆಗೆ ಮತ್ತೆ ಹೆಸರು ಕೊಟ್ಟಿಲ್ಲ.

ಮನೆ ಮಾರುವ ಮಾತನ್ನು ಯಾರೂ ಎತ್ತಲಿಲ್ಲ. ಸಮತಟ್ಟಿನ ಮನೆಯ ವಿಷಯ ರೋನಾಳನ್ನು ನಾನೇ ನೇರವಾಗಿ ಕೇಳಿದೆ. "ಯಾವ ಮನೆ ಅಪ್ಪಾ?" ಎಂದು ನನ್ನ ಮುಖ ನೋಡಿದಳು. ನಿಜಕ್ಕೂ ಗೊತ್ತಿಲ್ಲದವಳ ಮುಖ.

ಎಫೀ ಮುಂದಿನ ಹಂತದ ಪರೀಕ್ಷೆ ಪಾಸಾಗಿ ಒಬ್ಬಳೇ ಓಡಿಸುವವರೆಗೆ, ದಿನಾ ಮಧ್ಯಾಹ್ನ ನಿಕೊ ಊಟದ ಬಿಡುವಿನಲ್ಲಿ ಬಂದು ಅವಳ ಪಕ್ಕ ಕೂರುತ್ತಾನಂತೆ. ಗ್ಯಾರೇಜಿನಲ್ಲಿ ಮಾತಾಡಿ ಒಪ್ಪಿಸಿದ್ದಾನೆ. ಇದರಿಂದ ಅವನಿಗೇನು ಲಾಭ ಎಂದು ಬಹಳ ಹೊತ್ತು ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಜುಲೈ 23, ಮಂಗಳವಾರ

ನಾನು ಬರುವುದಿಲ್ಲ ಎಂದಿದ್ದೆ. "ಊನಾ ನಿನ್ನ ಕೇಳ್ತಾಳೆ, ಬಾ" ಎಂದಳು ಎಫೀ. ಊನಾ ಯಾರನ್ನೂ ಕೇಳುವ ಸ್ಥಿತಿಯಲ್ಲಿಲ್ಲ, ಅದು ನನಗೂ ಗೊತ್ತು ಅವಳಿಗೂ ಗೊತ್ತು. ಹೋದೆ.

ಎಫೀ ಸ್ಟೀರಿಂಗಿನ ಮುಂದೆ, ಪಕ್ಕದಲ್ಲಿ ನಿಕೊ, ಹಿಂದೆ ನಾನು, ಮಡಿಲಲ್ಲಿ ಸೂಪಿನ ಫ್ಲಾಸ್ಕು. ಹಿಂದಿನ ಸೀಟಿನಲ್ಲಿ ಹಿಡಿಯುವುದಕ್ಕೆ ಏನೂ ಇಲ್ಲ. ನಿಕೊನ ಭುಜ ಅಡ್ಡ ಬಂದು ಮುಂದಿನ ರಸ್ತೆ ಅರ್ಧ ಮಾತ್ರ ಕಾಣುತ್ತದೆ. ಇಳಿಜಾರಿನಲ್ಲಿ ಇಳಿದು, ಕಣಿವೆ ದಾಟಿ, ಆಚೆ ಗುಡ್ಡ ಹತ್ತತೊಡಗಿದೆವು. ಮಾತೇ ಆಡಬಾರದೆಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ.

ಗುಡ್ಡದ ನೆತ್ತಿಗೆ ಸ್ವಲ್ಪ ಕೆಳಗೆ ಎದುರಿನಿಂದ ಬಸ್ಸು ಬಂತು. ಎಫೀ ನಿಂತಳು. ಬಸ್ಸು ಹೋಯಿತು. ಅವಳು ಬ್ರೇಕಿನಿಂದ ಕಾಲು ತೆಗೆದದ್ದು ಹಿಂದೆ ಕೂತೇ ನನಗೆ ತಿಳಿಯಿತು. ಕಾರು ಹಿಡಿದುಕೊಂಡಿತು, ಹೊರಟಿತು, ಫ್ಲಾಸ್ಕಿನೊಳಗಿನ ಸೂಪು ಕೂಡ ಅಲುಗಲಿಲ್ಲ.

ನನ್ನ ಬಲಗಾಲು ಮಾತ್ರ ನೋಯುತ್ತಿತ್ತು. ಬಗ್ಗಿ ನೋಡಿದರೆ ಅದು ಕಾರಿನ ನೆಲವನ್ನು ಬಲವಾಗಿ ಒತ್ತಿಕೊಂಡಿತ್ತು. ಯಾವಾಗಿನಿಂದಲೋ ಗೊತ್ತಿಲ್ಲ. ಇಲ್ಲದ ಬ್ರೇಕನ್ನು ತುಳಿಯುತ್ತಾ ಬಂದಿದ್ದೇನೆ.

"ನನ್ನ ಕಾಲು ನೋಡಿ, ನೆಲ ತುಳೀತಾ ಇದೆ" ಎಂದೆ. ನಗಿಸುವುದಕ್ಕೆಂದೇ ಹೇಳಿದ್ದು. ನಿಕೊ ನಕ್ಕ.

ಎಫೀ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹಳೇ ಕಾರಲ್ಲಿ ನನ್ನ ಕಡೆ ಮ್ಯಾಟು ಯಾಕೆ ಪದೇ ಪದೇ ತೂತಾಗ್ತಿತ್ತು ಅಂದ್ಕೊಂಡಿದ್ದೆ ನೀನು?" ಎಂದಳು.

ನಿಕೊನ ನಗು ನಿಂತಿತು. ಅವಳು ಸಿಗ್ನಲ್ ಹಾಕಿ, ಈ ಸಲ ಸರಿಯಾದ ಸಮಯಕ್ಕೆ ಹಾಕಿ, ಆರೈಕೆ ಕೇಂದ್ರದ ಗೇಟಿನೊಳಗೆ ತಿರುಗಿಸಿದಳು. ಇಳಿದು ಫ್ಲಾಸ್ಕು ತೆಗೆದುಕೊಂಡು ಅಕ್ಕನ ಬಳಿಗೆ ಹೋದಳು. ನಾನು ತಕ್ಷಣ ಇಳಿಯಲಿಲ್ಲ.

ಆ ವ್ಯಾಗನ್ನಿನ ಎಡಗಡೆಯ ರಬ್ಬರ್ ಮ್ಯಾಟು ಎಷ್ಟು ಸಲ ಬದಲಾಯಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದೇ ಜಾಗದಲ್ಲಿ, ಹಿಮ್ಮಡಿ ಇಡುವ ಕಡೆ, ಸವೆದು ತೂತಾಗುತ್ತಿತ್ತು. ಅಂಗಡಿಯವನು ಕಳಪೆ ರಬ್ಬರ್ ಮಾರುತ್ತಿದ್ದಾನೆಂದು ನನಗೆ ಖಚಿತವಾಗಿತ್ತು. ಒಂದು ದಿನ ತೂತಾದ ಮ್ಯಾಟನ್ನು ಅವನ ಮೇಜಿನ ಮೇಲೆ ಎಸೆದು, ಗಿರಾಕಿಗಳೆಲ್ಲರ ಮುಂದೆ ಅವನನ್ನು ಕಳ್ಳ ಎಂದು ಕರೆದು ಬಂದೆ. ಎಫೀ ಆಗ ಹೊರಗೆ ಕಾರಿನ ತನ್ನ ಸೀಟಿನಲ್ಲಿ ಕೂತು ಕಾಯುತ್ತಿದ್ದಳು. ಹೊಸ ಮ್ಯಾಟು ಹಾಸಿದೆ, ಅವಳು ಅದರ ಮೇಲೆ ಕಾಲಿಟ್ಟಳು, ಏರು ಹತ್ತಿಸಿಕೊಂಡು ಮನೆಗೆ ಬಂದೆವು.